ಏರುದಾರಿಯ ವಿನೋದಗಳು

ಹಿಮಾಲಯಕ್ಕೆ ಹೋಗಿ ಬಂದವರನ್ನು ನೆಂಟರಿಷ್ಟರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಎಷ್ಟು ಎತ್ತರ ಹತ್ತಿದಿರಿ?” ಹೋಗಿ ಬಂದವರೂ ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ. ಅಂಕಿಯೊಂದನ್ನು ಹೇಳುತ್ತಾರೆ, ಕೇಳಿದವರು “ಅಬ್ಬಾ!” ಎನ್ನುತ್ತಾರೆ, ಅಷ್ಟರಲ್ಲಿ ಕಾಫಿ ಬರುತ್ತದೆ, ಮಾತು ಹುಡುಗನ ಕೆಲಸಕ್ಕೋ ಮನೆಯ ಬಾಡಿಗೆಗೋ ಹೊರಳುತ್ತದೆ. ದಾರಿಯಲ್ಲಿ ಏನು ಮಾಡಿದಿರಿ ಎಂದು ಕೇಳುವವರು ವಿರಳ. ಕೇಳಿದರೂ “ಮಾಡುವುದೇನು, ನಡೆದೆವು” ಎಂಬಷ್ಟರಲ್ಲಿ ಉತ್ತರ ಮುಗಿದುಹೋಗುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಉತ್ತರದಲ್ಲಿ ಸತ್ಯ ಅರ್ಧದಷ್ಟೂ ಇಲ್ಲ.

ನೇಪಾಳದ ಖುಂಬು ಸೀಮೆಯ ಹಾದಿಯನ್ನೇ ತೆಗೆದುಕೊಳ್ಳಬಹುದು. ಲುಕ್ಲಾ ಎಂಬ ಊರಿನಿಂದ ಎವರೆಸ್ಟಿನ ಪಾದಶಿಬಿರಕ್ಕೆ ಸುಮಾರು 65 ಕಿಲೋಮೀಟರು. ಬೆಂಗಳೂರಿನಿಂದ ತುಮಕೂರಿಗೆ ಇರುವಷ್ಟು ದೂರವೂ ಅಲ್ಲ. ಗಟ್ಟಿಗನಾದವನು ಬಯಲುಸೀಮೆಯಲ್ಲಿ ಎರಡು ಮೂರು ದಿನಗಳಲ್ಲಿ ನಡೆದು ಮುಗಿಸಬಹುದಾದ ಈ ದೂರಕ್ಕೆ ಇಲ್ಲಿ ಎಂಟು ದಿನಗಳು ಬೇಕು. ಕಾಲಿನ ಶಕ್ತಿ ಸಾಲದೆ ಅಲ್ಲ, ಗಾಳಿ ಸಾಲದೆ. ಪಾದಶಿಬಿರವಿರುವುದು 5,364 ಮೀಟರುಗಳ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಹೆಚ್ಚುಕಡಿಮೆ ಅರ್ಧ. ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ವೇಳೆ ಕೊಡಬೇಕು. ಆದ್ದರಿಂದಲೇ ಮೂರು ಸಾವಿರ ಮೀಟರುಗಳನ್ನು ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ ಮುನ್ನೂರರಿಂದ ಐನೂರು ಮೀಟರುಗಳಿಗಿಂತ ಹೆಚ್ಚು ಏರಿಸಕೂಡದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ತಂಗಬೇಕು ಎಂದು ವೈದ್ಯರು ಕಟ್ಟುಮಾಡಿದ್ದಾರೆ.

ಈ ಕಟ್ಟಳೆಯ ಫಲವೇನೆಂಬುದನ್ನು ವಾಚಕರು ಊಹಿಸಬಹುದು. ಬೆಳಗ್ಗೆ ಎಂಟಕ್ಕೆ ಹೊರಟವರು ಮಧ್ಯಾಹ್ನ ಒಂದು ಎರಡು ಗಂಟೆಗೆಲ್ಲ ಆ ದಿನದ ಬೀಡನ್ನು ಸೇರಿಬಿಡುತ್ತಾರೆ. ಮುಂದಕ್ಕೆ ಹೋಗಲು ಅನುಮತಿಯಿಲ್ಲ, ಹಿಂದಕ್ಕೆ ಹೋಗಲು ಮನಸ್ಸಿಲ್ಲ. ಎದುರಿಗೆ ಅಖಂಡವಾದ ಅಪರಾಹ್ನ. ಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ “ಪುರುಸೊತ್ತಿಲ್ಲ” ಎಂಬ ಒಂದೇ ಮಂತ್ರವನ್ನು ಜಪಿಸಿಕೊಂಡು ಬಂದ ಗೃಹಸ್ಥನ ಮಡಿಲಿಗೆ ಒಮ್ಮೆಗೇ ಇಷ್ಟು ಪುರುಸೊತ್ತು ಬಂದು ಬಿದ್ದರೆ ಆತ ಅದನ್ನೇನು ಮಾಡಬೇಕು?

ಬೆಂಗಳೂರಿನ ತಂದೆ ಮಗಳ ಜೋಡಿಯೊಂದಕ್ಕೆ ಬಂದೊದಗಿದ ತೊಡಕು ಇದೇ. ತಂದೆ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ದಿನಂಪ್ರತಿ ಸ್ಯಾಂಕಿ ಕೆರೆಯನ್ನು ನಾಲ್ಕು ಸುತ್ತು ನಡೆದು ಕಾಲನ್ನು ಗಟ್ಟಿಮಾಡಿಕೊಂಡವರು. ಎರಡು ವರ್ಷ ಕುಳಿತು ಸಿದ್ಧಪಡಿಸಿದ ವೇಳಾಪಟ್ಟಿಯೊಂದು ಅವರ ಅಂಗಿಯ ಜೇಬಿನಲ್ಲಿತ್ತು; ಯಾವ ದಿನ ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ಎತ್ತರ, ಎಲ್ಲವೂ ಅದರಲ್ಲಿ ಗೆರೆ ಎಳೆದು ಬರೆದಿತ್ತು. ಮಗಳಿಗೆ ಮೂವತ್ತು ವಯಸ್ಸು. ಅವಳ ಚೀಲದಲ್ಲಿ ಒಂದು ಚಿತ್ರ ಬರೆಯುವ ಪುಸ್ತಕ, ಒಂದು ಡಬ್ಬಿ ಪೆನ್ಸಿಲು.

ಮೊದಲನೆಯ ವಿನೋದ ಲುಕ್ಲಾದಲ್ಲೇ ದೊರೆಯುತ್ತದೆ. ಅಲ್ಲಿನ ವಿಮಾನದ ಓಡುದಾರಿ ಕೇವಲ 527 ಮೀಟರು ಉದ್ದ, ಅದೂ ಇಳಿಜಾರು. ಒಂದು ತುದಿಯಲ್ಲಿ ಕಮರಿ, ಇನ್ನೊಂದು ತುದಿಯಲ್ಲಿ ಬೆಟ್ಟದ ಗೋಡೆ. 1964ರಲ್ಲಿ ಎಡ್ಮಂಡ್ ಹಿಲರಿಯವರ ಮುಂದಾಳ್ತನದಲ್ಲಿ ಇದನ್ನು ಕಟ್ಟುವಾಗ ಮಣ್ಣು ಗಟ್ಟಿಯಾಗಲೆಂದು ಶೇರ್ಪಾ ಜನರನ್ನು ಸಾಲುಗಟ್ಟಿ ಕುಣಿಯುವಂತೆ ಮಾಡಲಾಯಿತಂತೆ. ಒಂದು ಊರಿನ ಜನ ಕುಣಿದು ಹದಗೊಳಿಸಿದ ನೆಲದ ಮೇಲೆ ಇಳಿದವರು ನಡಿಗೆಯನ್ನು ಗಂಟುಮುಖದಿಂದ ಆರಂಭಿಸುವುದು ಹೇಗೆ? ಬದಿಯಲ್ಲಿ ನಿಂತು ನಾಲ್ಕೈದು ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ನೋಡಿ ಹೊರಡುವುದು ರಸಿಕರ ಪದ್ಧತಿ. ವೇಳಾಪಟ್ಟಿಯಲ್ಲಿ ಅದಕ್ಕೆ ಸ್ಥಳವಿರದಿದ್ದುದರಿಂದ ಅಪ್ಪ ಮಗಳು ಹಾಗೆ ನಿಲ್ಲಲಿಲ್ಲ.

ದಾರಿ ದೂಧ್ ಕೋಸಿ ನದಿಯ ಜೊತೆಯಲ್ಲೇ ಸಾಗುತ್ತದೆ. ಪುರಾಣಗಳ ಕೌಶಿಕಿಯೇ ಈ ಕೋಸಿ. ಹಿಮನದಿಗಳು ಬಂಡೆಯನ್ನು ಅರೆದ ನುಣ್ಣನೆಯ ಹುಡಿ ಬೆರೆತು ನೀರು ಹಾಲಿನ ಬಣ್ಣಕ್ಕೆ ತಿರುಗಿದುದರಿಂದ ದೂಧ್ ಎಂಬ ವಿಶೇಷಣ. ಆಚೆ ದಡದಿಂದ ಈಚೆ ದಡಕ್ಕೆ ತೂಗುಸೇತುವೆಗಳು. ಮಂತ್ರಾಕ್ಷರಗಳನ್ನು ಕೆತ್ತಿದ ಮಣಿಶಿಲೆಗಳು ಎದುರಾದಾಗ ಅವು ಬಲಕ್ಕೆ ಬರುವಂತೆ ಹಾದುಹೋಗಬೇಕು. ಪ್ರದಕ್ಷಿಣೆಯ ಅಭ್ಯಾಸವಿರುವ ನಮ್ಮವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದದ್ದು ನಡಿಗೆಯನ್ನು. ದಾರಿತೋರುವ ಯುವಕ ದಿನಕ್ಕೆ ನೂರು ಬಾರಿ ಹೇಳುವ ಮಾತು “ಬಿಸ್ತಾರೈ, ಬಿಸ್ತಾರೈ.” ಮೆಲ್ಲಗೆ, ಮೆಲ್ಲಗೆ ಎಂದರ್ಥ. ಬೆನ್ನ ಮೇಲೆ ಬಿದಿರಿನ ಡೋಕೊ ಬುಟ್ಟಿ, ಅದರ ಪಟ್ಟಿ ಹಣೆಗೆ, ಕೈಯಲ್ಲಿ ಗಿಡ್ಡನೆಯ ಊರುಗೋಲು ಹಿಡಿದು ಬರುವ ಹೊರೆಯಾಳುಗಳನ್ನು ನೋಡಿದರೆ ಆ ಮಾತಿನ ಅರ್ಥ ಸ್ಫುಟವಾಗುತ್ತದೆ. ನೂರು ಹೆಜ್ಜೆ ಇಟ್ಟು ಊರುಗೋಲನ್ನು ಬುಟ್ಟಿಯ ಅಡಿಗೆ ಆನಿಸಿ, ನಿಂತಲ್ಲೇ ಭಾರವಿಳಿಸಿ, ಸಿಳ್ಳೆಯಂತೆ ಒಂದು ದೀರ್ಘಶ್ವಾಸ ಬಿಡುತ್ತಾರೆ. ಅವರ ಹೊರೆ ನಮ್ಮ ವಿನೋದಕ್ಕೆ ಬೇಕಾದ ಸಾಮಾನು ಎಂಬುದು ಅಲ್ಲಿ ನೆನಪಾದರೆ, ಹೊರೆಯ ತೂಕವನ್ನು ಊರಿನಲ್ಲಿಯೇ ಕಡಿಮೆಮಾಡಿಕೊಂಡು ಬರಬಾರದಾಗಿತ್ತೆ ಎನ್ನಿಸುವುದೂ ಸಹಜ.

ಎರಡನೆಯ ಸಂಜೆಗೆ ನಾಮ್ಚೆ ಬಜಾರ್. ಎತ್ತರ 3,440 ಮೀಟರು. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಅದರ ಮೇಲೆ ಮತ್ತೊಂದು ನಂದಿಬೆಟ್ಟವನ್ನಿಟ್ಟರೂ ನಾಮ್ಚೆಯ ಅಂಗಳಕ್ಕೆ ಮುಟ್ಟದು. ಕುದುರೆಯ ಲಾಳದಂತೆ ಬೆಟ್ಟದ ಮಡಿಲಲ್ಲಿ ಬಾಗಿ ಕುಳಿತ ಊರು. ಇಲ್ಲಿ ಒಂದು ದಿನ ತಂಗುವುದು ಕಡ್ಡಾಯ. ತಂಗುವುದೆಂದರೆ ಹೊದ್ದು ಮಲಗುವುದಲ್ಲ. ಹಗಲು ಮೇಲಕ್ಕೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗುವುದು. ಊರಿನ ಮೇಲ್ಗಡೆಯ ದಿಣ್ಣೆಗೆ ಬೆಳಗ್ಗೆ ಹತ್ತಿದರೆ ಎವರೆಸ್ಟಿನ ನೆತ್ತಿ ಕಾಣಿಸುತ್ತದೆ. ಲೋತ್ಸೆ, ನುಪ್ತ್ಸೆಗಳ ಗೋಡೆಯ ಹಿಂದಿನಿಂದ ಇಣುಕುವ ಕಪ್ಪು ತ್ರಿಕೋನ ಅಷ್ಟೆ. ಮೊದಲ ನೋಟಕ್ಕೆ ಪಕ್ಕದ ಆಮಾ ದಬ್ಲಮ್ಮಿನ ಚೆಲುವಿನ ಮುಂದೆ ಅದು ಏನೂ ಅಲ್ಲ ಎನ್ನುವವರೇ ಹೆಚ್ಚು.

ಆದರೆ ಬೆಂಗಳೂರಿನವರಿಗೆ ಆ ತ್ರಿಕೋನದೊಡನೆ ಒಂದು ಹಳೆಯ ನಂಟುಂಟು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಮೋಜಣಿಗಾಗಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. ಆತ ಹೂಡಿದ ತ್ರಿಕೋನಗಳ ಬಲೆ ದಶಕಗಳ ಕಾಲ ಬೆಳೆಯುತ್ತ ಉತ್ತರಕ್ಕೆ ಹಿಮಾಲಯದ ಬುಡವನ್ನು ಮುಟ್ಟಿತು. ಆ ಮೋಜಣಿಯ ಗಣಿತಜ್ಞ ರಾಧಾನಾಥ ಸಿಕ್ದಾರ್ 1852ರಲ್ಲಿ ಲೆಕ್ಕ ಮಾಡಿ, ನಕ್ಷೆಯಲ್ಲಿ ಬರಿಯ ಅಂಕಿಯಿಂದ ಗುರುತಾಗಿದ್ದ ಶಿಖರವೊಂದು ಜಗತ್ತಿನಲ್ಲೇ ಎತ್ತರವಾದದ್ದೆಂದು ಕಂಡುಹಿಡಿದರು. 1856ರಲ್ಲಿ ಪ್ರಕಟವಾದ ಅಂಕಿ 29,002 ಅಡಿ. 2020ರಲ್ಲಿ ನೇಪಾಳವೂ ಚೀನಾವೂ ಕೂಡಿ ಘೋಷಿಸಿದ್ದು 8,848.86 ಮೀಟರು, ಎಂದರೆ 29,032 ಅಡಿಗಳಷ್ಟು. ಬೆಟ್ಟದ ಬುಡಕ್ಕೂ ಹೋಗದೆ ದೂರದ ಬಯಲಿನಿಂದ ಕೋನ ಹಿಡಿದು ಮಾಡಿದ ಲೆಕ್ಕ ಮೂವತ್ತು ಅಡಿಗಳಷ್ಟು ಮಾತ್ರ ತಪ್ಪಿತು! ಲೆಕ್ಕಪತ್ರದ ಮನುಷ್ಯರಾದ ತಂದೆಗೆ ಈ ಒಂದು ಸಂಗತಿಯನ್ನು ಮೆಲುಕುಹಾಕುತ್ತ ದಿಣ್ಣೆಯ ಮೇಲೆ ಅರ್ಧ ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಅಲ್ಲಿಂದಾಚೆಗೆ ಖುಮ್‌ಜುಂಗ್ ಗ್ರಾಮ. ಹಿಲರಿ 1961ರಲ್ಲಿ ಕಟ್ಟಿಸಿದ ಶಾಲೆ ಅಲ್ಲಿದೆ. ಗೊಂಪಾದಲ್ಲಿ ಯೇತಿಯ ತಲೆಚಿಪ್ಪೆಂದು ಒಂದನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ. 1960ರಲ್ಲಿ ಇದನ್ನು ವಿದೇಶಕ್ಕೆ ಒಯ್ದು ಪರೀಕ್ಷಿಸಿದಾಗ ಪಂಡಿತರು ಇದು ಸೆರೋ ಎಂಬ ಕಾಡುಮೇಕೆಯ ಜಾತಿಯ ಪ್ರಾಣಿಯ ತೊಗಲು ಎಂದರು. ತೊಗಲು ಹಿಂದಿರುಗಿ ಬಂತು. ಇಂದಿಗೂ ಅದು ಯೇತಿಯ ತಲೆಯೇ. ಹಾಗಿರುವುದೇ ಚೆನ್ನ.

ಈ ಹಾದಿಯ ವಿನೋದಗಳಲ್ಲೆಲ್ಲ ಅಗ್ಗವಾದದ್ದೂ ಸ್ವಾರಸ್ಯವಾದದ್ದೂ ಹೆಸರು ಕೇಳುವುದು. ಶೇರ್ಪಾ ಜನರಲ್ಲಿ ಅನೇಕರಿಗೆ ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವನು ನೀಮಾ, ಸೋಮವಾರದವನು ದಾವಾ, ಮಂಗಳವಾರದವನು ಮಿಂಗ್ಮಾ, ಬುಧವಾರದವನು ಲ್ಹಾಕ್ಪಾ, ಗುರುವಾರದವನು ಫುರ್ಬಾ, ಶುಕ್ರವಾರದವನು ಪಾಸಂಗ್, ಶನಿವಾರದವನು ಪೆಂಬಾ. ಹೆಣ್ಣುಮಕ್ಕಳಿಗೂ ಇವೇ ಹೆಸರುಗಳು. 1993ರಲ್ಲಿ ಎವರೆಸ್ಟಿನ ನೆತ್ತಿ ಮುಟ್ಟಿ, ಇಳಿಯುವಾಗ ಪ್ರಾಣತೆತ್ತ ಮೊದಲ ನೇಪಾಳಿ ಮಹಿಳೆ ಪಾಸಂಗ್ ಲ್ಹಾಮು ಶುಕ್ರವಾರದವಳೆಂದು ಹೆಸರೇ ಹೇಳುತ್ತದೆ. ಇನ್ನೂ ವಿಚಾರಿಸಿದರೆ ನೀಮಾ ಎಂದರೆ ಸೂರ್ಯ, ದಾವಾ ಎಂದರೆ ಚಂದ್ರ. ಉಳಿದ ಐದು ನಮ್ಮ ಅಂಗಾರಕ, ಬುಧ, ಗುರು, ಶುಕ್ರ, ಶನಿಗಳೇ. ಸಾವಿರಾರು ಮೈಲಿ ದೂರದ ಎರಡು ನಾಡುಗಳು ವಾರದ ಏಳು ದಿನಗಳನ್ನು ಅದೇ ಏಳು ಗ್ರಹಗಳಿಗೆ ಅದೇ ಕ್ರಮದಲ್ಲಿ ಹಂಚಿಕೊಟ್ಟಿವೆ! ನಮ್ಮಲ್ಲಿಯೂ ಸೋಮಣ್ಣನವರು, ಮಂಗಳಮ್ಮನವರು ಇದ್ದಾರೆ, ಆದರೆ ಅವರು ಹುಟ್ಟಿದ್ದು ಯಾವ ವಾರವೆಂದು ಅವರ ಹೆಸರಿನಿಂದ ಹೇಳಲಾಗದು.

ನಾಮ್ಚೆಯ ಬಿಡಾರದ ಯಜಮಾನಿಯೂ ಶುಕ್ರವಾರದವಳೇ. ಆಕೆ ಚಹಾ ಸುರಿಯುತ್ತ ತಂದೆಯನ್ನು ಕೇಳಿದಳು: “ನಿಮ್ಮದು ಯಾವ ವಾರ, ದಾಜು?” ದಾಜು ಎಂದರೆ ಅಣ್ಣ. ಅವರಿಗೆ ತಮ್ಮ ನಕ್ಷತ್ರ ಗೊತ್ತಿತ್ತು, ರಾಶಿ ಗೊತ್ತಿತ್ತು, ಪಿಂಚಣಿಯ ಸಂಖ್ಯೆ ಗೊತ್ತಿತ್ತು, ವಾರ ಗೊತ್ತಿರಲಿಲ್ಲ. ಜಾತಕ ಬೆಂಗಳೂರಿನ ಬೀರುವಿನಲ್ಲಿತ್ತು. “ನೋಡಿ ಹೇಳುತ್ತೇನೆ” ಎಂದು ಎದ್ದರು. ಮರುದಿನ ಶನಿವಾರ. ನಾಮ್ಚೆಯಲ್ಲಿ ವಾರದ ಸಂತೆ. ಕೆಳಗಿನ ಹಳ್ಳಿಗಳಿಂದ ಅಕ್ಕಿ, ತರಕಾರಿ, ಮೊಟ್ಟೆ ಹೊತ್ತವರು ಮೆಟ್ಟಿಲುಮೆಟ್ಟಿಲಾದ ಬಯಲಿನಲ್ಲಿ ಸಾಮಾನು ಹರಡುತ್ತಿದ್ದ ಹೊತ್ತಿಗೆ ಸರಿಯಾಗಿ ಅಪ್ಪ ಮಗಳು ಊರು ಬಿಟ್ಟರು. ವೇಳಾಪಟ್ಟಿಯಲ್ಲಿ ತೆಂಗ್‌ಬೋಚೆ ಎಂದಿತ್ತು.

ತೆಂಗ್‌ಬೋಚೆಯ ಗೊಂಪಾ 1916ರಲ್ಲಿ ಹುಟ್ಟಿ, 1934ರ ಭೂಕಂಪದಲ್ಲಿ ಬಿದ್ದು, ಮತ್ತೆ ಎದ್ದು, 1989ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೊಮ್ಮೆ ಎದ್ದು ನಿಂತದ್ದು. ಶರತ್ಕಾಲದಲ್ಲಿ ಹೋದವರಿಗೆ ಮಣಿ ರಿಮ್ಡು ಹಬ್ಬದ ಮುಖವಾಡದ ಕುಣಿತ ನೋಡಸಿಗುವುದುಂಟು. ಹಬ್ಬವಿಲ್ಲದಿದ್ದರೂ ಪ್ರಾರ್ಥನೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತುಕೊಳ್ಳಬಹುದು. ತುತ್ತೂರಿಯ ಧ್ವನಿ ಕಿವಿಗೆ ಬರುವ ಮೊದಲು ನೆಲದ ಹಲಗೆಗಳಲ್ಲಿ ಬರುತ್ತದೆ.

ಮೇಲೆ ಹೋದಂತೆ ಮರಗಳು ಕುಳ್ಳಾಗಿ, ಕುರುಚಲಾಗಿ, ಇಲ್ಲವಾಗುತ್ತವೆ. ಯಾಕುಗಳು ಕಾಣಿಸಿಕೊಳ್ಳುತ್ತವೆ. ಕೆಳಗೆ ಹೊರೆ ಹೊರುವುದು ಹೆಚ್ಚಾಗಿ ಯಾಕಿಗೂ ದನಕ್ಕೂ ಹುಟ್ಟಿದ ಮಿಶ್ರತಳಿ. ಅಸಲು ಯಾಕಿಗೆ ತಂಪೇ ಬೇಕು. ಇದು ಎದುರಾದಾಗ ಕಮರಿಯ ಕಡೆಗಲ್ಲದೆ ಬೆಟ್ಟದ ಕಡೆಗೆ ಸರಿದು ನಿಲ್ಲುವುದು ಪ್ರಾಣಕ್ಕೆ ಹಿತ. ಸಂಸ್ಕೃತ ಕವಿಗಳ ಚಮರೀಮೃಗ ಇದೇ. ನಮ್ಮ ದೇವಸ್ಥಾನಗಳಲ್ಲಿ ಉತ್ಸವಮೂರ್ತಿಗೆ ಬೀಸುವ ಚಾಮರ ಇದರ ಬಾಲ. ನೇಪಾಳಿಗಳು ಈ ಜಾತಿಯ ಹಸುವನ್ನು ಇಂದಿಗೂ ಚೌರಿ ಎನ್ನುತ್ತಾರೆ. ಕಾಳಿದಾಸನ ಹಿಮಾಲಯವನ್ನು ಓದಿಕೊಂಡು ಹೋದವರಿಗೆ ಅಲ್ಲಿ ಕಿನ್ನರರು ಕಾಣದೆ ಹೋದರೂ ಚಮರಿಯಂತೂ ಖಂಡಿತ ಕಾಣುತ್ತದೆ. ತಲೆನೋವಿನ ಪ್ರಸ್ತಾಪವನ್ನು ಮಾತ್ರ ಆ ಮಹಾಕವಿ ಮಾಡಿಲ್ಲ.

ಡಿಂಗ್‌ಬೋಚೆ 4,410 ಮೀಟರು. ಅಲ್ಲಿಯೂ ಒಂದು ದಿನದ ತಂಗುವಿಕೆ. ಕಲ್ಲುಗೋಡೆಗಳ ನಡುವೆ ಆಲೂಗಡ್ಡೆಯ ಹೊಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಈ ಗೆಡ್ಡೆ ಇಂದು ಶೇರ್ಪಾ ಮನೆಯ ಅನ್ನ. ಅದನ್ನು ತುರಿದು, ಕಲ್ಲಿನ ಮೇಲೆ ಹರಡಿ ಬೇಯಿಸಿದ ರಿಕಿಕುರ್ ನಮ್ಮ ದಪ್ಪ ದೋಸೆಯ ದಾಯಾದಿ. ಬೆಣ್ಣೆ, ಮೆಣಸಿನಕಾಯಿಯ ಖಾರದೊಡನೆ ಬಿಸಿಬಿಸಿಯಾಗಿ ತಿಂದರೆ ಬೆಂಗಳೂರಿನ ಉಪಾಹಾರಮಂದಿರಗಳ ನೆನಪೂ ತಾತ್ಕಾಲಿಕವಾಗಿ ಮರೆಯಾಗುತ್ತದೆ. ಬಟ್ಟೆ ಒಗೆದು ಬಿಸಿಲಿಗೆ ಹರವುವುದೂ ಅಲ್ಲಿ ಒಂದು ಉತ್ಸವ. ನಾಲ್ಕು ಗಂಟೆಗೆ ಮೋಡ ಕವಿಯುವ ಮೊದಲು ಕಾಲುಚೀಲ ಒಣಗುವುದೋ ಇಲ್ಲವೋ ಎಂದು ದೇಶದೇಶಗಳ ಜನ ಒಬ್ಬರ ಕಾಲುಚೀಲವನ್ನೊಬ್ಬರು ಮುಟ್ಟಿ ನೋಡುತ್ತಾರೆ. ಕತ್ತಲಾದ ಮೇಲೆ ಎಲ್ಲರೂ ಊಟದ ಕೊಠಡಿಯ ನಡುವಣ ಒಲೆಯ ಸುತ್ತ. ಒಲೆಗೆ ಯಾಕಿನ ಬೆರಣಿ. ಅಡಿಗೆಮನೆಯಲ್ಲಿ ಕುಕ್ಕರಿನ ಸಿಳ್ಳೆ. ಐದು ಸಾವಿರ ಮೀಟರುಗಳಲ್ಲಿ ನೀರು ಎಂಬತ್ತಮೂರು ಡಿಗ್ರಿಗೆಲ್ಲ ಕುದಿದುಬಿಡುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು. ಮಗಳು ಒಲೆಯ ಸುತ್ತಲಿನ ಮುಖಗಳನ್ನು ಪುಸ್ತಕದಲ್ಲಿ ಬರೆಯುತ್ತಿದ್ದಳು. ತಂದೆ ವೇಳಾಪಟ್ಟಿಯನ್ನು ಬಿಚ್ಚಿ ಇನ್ನೆಷ್ಟು ಮೀಟರು ಉಳಿದಿದೆ ಎಂದು ಕೂಡುತ್ತಿದ್ದರು.

ಮರುದಿನ ದುಗ್ಲಾದ ಏರು. ಅದರ ನೆತ್ತಿಯ ಬಯಲಿನಲ್ಲಿ ಎವರೆಸ್ಟಿನಲ್ಲಿ ಮಡಿದವರ ನೆನಪಿನ ಕಲ್ಲುಗುಡ್ಡೆಗಳು ಸಾಲಾಗಿವೆ. 1999ರಲ್ಲಿ ಆಮ್ಲಜನಕದ ನೆರವಿಲ್ಲದೆ ಶಿಖರದ ಮೇಲೆ 21 ಗಂಟೆಗಳ ಕಾಲ ಉಳಿದ, 2001ರಲ್ಲಿ ಅದೇ ಬೆಟ್ಟದಲ್ಲಿ ಬಿದ್ದು ತೀರಿಕೊಂಡ ಬಾಬು ಛಿರಿ ಶೇರ್ಪಾರ ಸ್ಮಾರಕವೂ ಅಲ್ಲಿದೆ. ಅಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ.

ಆ ರಾತ್ರಿ ಲೋಬುಚೆಯಲ್ಲಿ ತಂದೆ ಊಟ ಬಿಟ್ಟರು. ಆಯಾಸ ಎಂದರು. ನಡುರಾತ್ರಿ ತಲೆ ಒಡೆಯುವಂತೆ ನೋವು, ವಾಂತಿ. ಬೆಳಗ್ಗೆ ಬೂಟಿನ ದಾರ ಕಟ್ಟಲು ಬಾಗಿದವರು ಹಾಗೆಯೇ ಕುಳಿತುಬಿಟ್ಟರು. ದಾರಿತೋರುವ ಯುವಕ ಒಂದು ನೋಟ ನೋಡಿ, “ಕೆಳಗೆ” ಎಂದ.

“ಇನ್ನು ಒಂದೇ ದಿನ ಕಣಮ್ಮ. ಸಂಜೆಗೆ ಪಾದಶಿಬಿರ ಮುಟ್ಟಿ ನಾಳೆ ಇಳಿದುಬಿಡೋಣ” ಎಂದರು ತಂದೆ.

“ಅಪ್ಪಾ, ಇದು ಹೀಗೇ ಹೆಚ್ಚಿದರೆ ಮಿದುಳಿಗೆ ನೀರು ಕಟ್ಟುತ್ತದೆ ಎಂದು ನೀವೇ ನನಗೆ ಓದಿ ಹೇಳಿದ್ದಿರಿ.”

“ಹಾಗಾದರೆ ನೀನು ಹೋಗಿ ಬಾ. ನಾನು ಇಲ್ಲೇ ಇರುತ್ತೇನೆ.”

“ಇಲ್ಲೇ ಇರುವುದಲ್ಲ, ಇಳಿಯಬೇಕಾದದ್ದು. ನಿಮ್ಮನ್ನು ಕಳುಹಿಸಿ ನಾನು ಮೇಲಕ್ಕೆ ಹೋದರೆ ಅಲ್ಲಿ ಏನನ್ನು ನೋಡಲಿ?”

ಅವರು ಕಿಟಕಿಯ ಕಡೆಗೆ ತಿರುಗಿದರು. ಎರಡು ವರ್ಷಗಳ ಸಿದ್ಧತೆ. ಉಳಿದದ್ದು ನಾನ್ನೂರು ಚಿಲ್ಲರೆ ಮೀಟರು ಎತ್ತರ. ಇಂಥ ಗಳಿಗೆಯಲ್ಲಿ “ಇನ್ನು ಸ್ವಲ್ಪವೇ” ಎಂದು ಮುಂದುವರಿದವರ ಕಥೆಗಳು ಆ ಕಣಿವೆಯಲ್ಲಿ ಬೇಕಾದಷ್ಟಿವೆ. ಸ್ವಲ್ಪ ಹೊತ್ತಿನ ಮೇಲೆ ಅವರು ಚೀಲವನ್ನು ಯುವಕನ ಕೈಗೆ ಕೊಟ್ಟರು. ಮೂವರೂ ಇಳಿದರು.

ಎತ್ತರದ ಈ ಬೇನೆಗೆ ಇಳಿಯುವುದಕ್ಕಿಂತ ದೊಡ್ಡ ಔಷಧಿಯಿಲ್ಲ. ಐದಾರು ನೂರು ಮೀಟರು ಕೆಳಗಿನ ಫೆರಿಚೆಯಲ್ಲಿ 1973ರಿಂದ ನಡೆದುಬಂದ ಚಿಕಿತ್ಸಾಲಯವೊಂದಿದೆ. ನಡಿಗೆಯ ಋತುಗಳಲ್ಲಿ ಸ್ವಯಂಸೇವಕ ವೈದ್ಯರು ಅಲ್ಲಿರುತ್ತಾರೆ. ಅವರು ಪರೀಕ್ಷಿಸಿ, ಮಾತ್ರೆ ಕೊಟ್ಟು, ಮತ್ತೆ ಮೇಲಕ್ಕೆ ಹೋಗುವ ಯೋಚನೆ ಬೇಡ ಎಂದರು. ಸಂಜೆಯ ಹೊತ್ತಿಗೆ ತಲೆನೋವು ಇಳಿಯಿತು. ರಾತ್ರಿ ಎರಡು ಬಟ್ಟಲು ಸಾರು ಒಳಗೆ ಹೋಯಿತು. ಮರುದಿನ ಮಧ್ಯಾಹ್ನ ವೈದ್ಯರು ಯಾತ್ರಿಕರಿಗೆ ಎತ್ತರದ ಬೇನೆಯ ವಿಷಯವಾಗಿ ಉಪನ್ಯಾಸ ಮಾಡಿದರು. ತಂದೆ ಮೊದಲ ಬೆಂಚಿನಲ್ಲೇ ಕುಳಿತು, ಲಕ್ಷಣಗಳ ಪಟ್ಟಿ ಬಂದಾಗಲೆಲ್ಲ “ಸರಿ, ಸರಿ” ಎಂದು ತಲೆದೂಗುತ್ತಿದ್ದುದನ್ನು ಕಂಡು ಮೇಲಕ್ಕೆ ಹೊರಟಿದ್ದ ಕೆಲವರ ಮುಖ ಬಾಡಿತು.

ಉಪನ್ಯಾಸದ ಬಳಿಕ ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಬಿಡಾರದ ಮುಂದಿನ ಬಿಸಿಲಿನಲ್ಲಿ ಕುಳಿತು ವೇಳಾಪಟ್ಟಿಯನ್ನು ತೆಗೆದರು. ಅದರ ಹಿಂಬದಿ ಖಾಲಿಯಿತ್ತು. ಮಗಳ ಪೆನ್ಸಿಲು ತೆಗೆದುಕೊಂಡು ಲೆಕ್ಕ ಹೂಡಿದರು. ಅವರು ಹುಟ್ಟಿದ್ದು 1962ನೆಯ ಇಸವಿಯ ಅಕ್ಟೋಬರ್ 3. ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15 ಶುಕ್ರವಾರವೆಂಬುದು ಅವರಿಗೆ ನೆನಪಿತ್ತು. ಅಲ್ಲಿಂದ 1962ರ ಆಗಸ್ಟ್ 15ಕ್ಕೆ ಹದಿನೈದು ವರ್ಷ, ವರ್ಷಕ್ಕೊಂದರಂತೆ ಹದಿನೈದು ದಿನ, ನಡುವೆ ಬಂದ ಅಧಿಕವರ್ಷಗಳಿಗೆ ನಾಲ್ಕು, ಒಟ್ಟು ಹತ್ತೊಂಬತ್ತು. ಏಳರಿಂದ ಭಾಗಿಸಿದರೆ ಶೇಷ ಐದು. ಶುಕ್ರವಾರದಿಂದ ಐದು ದಿನ ಮುಂದಕ್ಕೆ ಬುಧವಾರ. ಆಗಸ್ಟ್ 15ರಿಂದ ಅಕ್ಟೋಬರ್ 3ಕ್ಕೆ ನಲವತ್ತೊಂಬತ್ತು ದಿನ, ಸರಿಯಾಗಿ ಏಳು ವಾರ. ಆದ್ದರಿಂದ ಅದೂ ಬುಧವಾರ.

“ಲ್ಹಾಕ್ಪಾ!” ಎಂದು ಮಗಳು ನಕ್ಕಳು. “ಬುಧನೇ ಅಲ್ಲವೆ ಅಪ್ಪಾ ಗಣಿತಕ್ಕೂ ವ್ಯಾಪಾರಕ್ಕೂ ಕಾರಕ? ಬ್ಯಾಂಕಿಗೆ ಹೋದದ್ದು ಸರಿಯಾಗಿಯೇ ಇದೆ.”

ಆ ಸಂಜೆ ಮೋಡ ಕವಿಯಲಿಲ್ಲ. ಹಳದಿ ಕೊಕ್ಕಿನ ಬೆಟ್ಟಗಾಗೆಗಳು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಿದ್ದವು. ಒಂದು ಕಾಗೆ ಒಂದು ತಾಸಿನಲ್ಲಿ ಎಷ್ಟು ಬಾರಿ ರೆಕ್ಕೆ ಬಡಿಯುತ್ತದೆ ಎಂದು ಅವರು ಎಣಿಸಲು ತೊಡಗಿ, ಲೆಕ್ಕ ತಪ್ಪಿ, ಮತ್ತೆ ಆರಂಭಿಸಿದರು.

ಶುಕ್ರವಾರ ಕತ್ತಲಾಗುವ ಹೊತ್ತಿಗೆ ನಾಮ್ಚೆ ಸೇರಿದರು. “ಬುಧವಾರ” ಎಂದು ಅವರು ಹೊಸ್ತಿಲಿನಲ್ಲೇ ವರದಿ ಒಪ್ಪಿಸಿದಾಗ ಯಜಮಾನಿಗೆ ಕ್ಷಣಕಾಲ ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ ಆಕೆ ಅವರನ್ನು ಲ್ಹಾಕ್ಪಾ ದಾಜು ಎಂದೇ ಕರೆದಳು, ಶಿಬಿರದ ಮಾತೆತ್ತಲಿಲ್ಲ. ಮರುದಿನ ಸಂತೆ. ಅಪ್ಪ ಮಗಳು ಅಂದು ಮುಂದಕ್ಕೆ ಹೊರಡಲಿಲ್ಲ. ಈರುಳ್ಳಿಯ ದರ ಕೇಳಿದರು, ಜೀರಿಗೆಯನ್ನು ಮೂಸಿ ನೋಡಿದರು, ಎತ್ತರದ ಊರಿಗೆ ಮೊಟ್ಟೆ ಒಡೆಯದಂತೆ ಬುಟ್ಟಿ ತುಂಬುವ ಬಗೆಯನ್ನು ನಿಂತು ಕಲಿತರು. ಕೊನೆಗೆ ತಂದೆ ಚುರ್ಪಿಯ ಒಂದು ತುಂಡನ್ನು ಕೊಂಡರು. ಒಣಗಿಸಿ ಕಲ್ಲಾಗಿಸಿದ ಗಿಣ್ಣು ಅದು. ಬಾಯಿಗೆ ಹಾಕಿಕೊಳ್ಳುವ ಮೊದಲು, ಕರಗುವುದಕ್ಕೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ ಎಂದು ಮಾರುವವಳು ಎಚ್ಚರಿಸಿದಳು.

“ಹಿಡಿಯಲಿ ಬಿಡಿ, ಪುರುಸೊತ್ತಿದೆ” ಎಂದರು ಅವರು, ಕನ್ನಡದಲ್ಲಿಯೇ.